ಕೆಟ್ಟ ಆಲ್ಬಮ್ ಮಾಡುವ ಹಕ್ಕು

ಓದುಗರ ಪತ್ರ: ಶಿಕಾಗೋದ ಚಾನ್ಸ್ ದ ರ‍್ಯಾಪರ್ ಬಗ್ಗೆ ನಮ್ಮ ಹಾಸ್ಟೆಲ್ಲಿನಲ್ಲಿ ಜಗಳ ಮುಗಿಯುತ್ತಲೇ ಇಲ್ಲ. ಅವನ ‘ಸ್ಟಾರ್ ಲೈನ್’ ಆಲ್ಬಮ್ ಬಂದ ಮೇಲಂತೂ ಜಾಸ್ತಿಯಾಗಿದೆ. ಯಾವ ಕಂಪನಿಗೂ ಸಹಿ ಹಾಕದೆ ಉಳಿದದ್ದೇ ಅವನ ದೊಡ್ಡಸ್ತಿಕೆ ಅಂತ ಕೆಲವರು ಹೇಳುತ್ತಾರೆ. ನನ್ನ ವಾದ ಬೇರೆ. 2019ರಲ್ಲಿ ‘ದ ಬಿಗ್ ಡೇ’ ಯಾಕೆ ಮುಗ್ಗರಿಸಿತು? ‘ಇದು ಬೇಡ’ ಅನ್ನುವವರು ಪಕ್ಕದಲ್ಲಿ ಯಾರೂ ಇರಲಿಲ್ಲ. ಒಂದು ಲೇಬಲ್, ಅಂದರೆ ಹಾಡಿನ ಕಂಪನಿ, ಇದ್ದಿದ್ದರೆ ಅರ್ಧ ಹಾಡು ತೆಗೆಸುತ್ತಿತ್ತು. ಅದೂ ಅಲ್ಲದೆ, ಆಪಲ್ ಕಂಪನಿಯಿಂದ 5 ಲಕ್ಷ ಡಾಲರ್ ತೆಗೆದುಕೊಂಡವನು ಸ್ವತಂತ್ರ ಹೇಗಾಗುತ್ತಾನೆ? ಎಲ್ಲಾ ಬರೀ ಮಾರ್ಕೆಟಿಂಗ್, ಅಲ್ವಾ? ಕೊನೆಗೆ ಒಂದು ಪ್ರಶ್ನೆ. ನೀವು ‘ಸ್ಟಾರ್ ಲೈನ್’ ಕೇಳಿದ್ದೀರಾ?
ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ

ಸಂಪಾದಕರ ಉತ್ತರ:

ನಿಮ್ಮ ಪತ್ರ ಓದಿ ಮೊದಲು ಖುಷಿಯಾಯಿತು. ‘ಇದು ಬೇಡ’ ಅನ್ನುವವನೊಬ್ಬ ಇರಬೇಕು ಅಂದಿದ್ದೀರಿ. ನನ್ನ ಹೊಟ್ಟೆಪಾಡೇ ಅದು. ಲೇಖಕರು ಕಳಿಸಿದ ಆರು ಪುಟವನ್ನು ಮೂರಕ್ಕೆ ಇಳಿಸುವುದು, ಆಮೇಲೆ ಫೋನಿನಲ್ಲಿ ಬೈಸಿಕೊಳ್ಳುವುದು. ಆದ್ದರಿಂದ ಇಷ್ಟು ಒಪ್ಪುತ್ತೇನೆ. ‘ದ ಬಿಗ್ ಡೇ’ಯಲ್ಲಿ 22 ಟ್ರ್ಯಾಕ್ ಬೇಕಿರಲಿಲ್ಲ. ಹೊಸದಾಗಿ ಮದುವೆಯಾದವನ ಸಂಭ್ರಮಕ್ಕೆ ಹತ್ತು ಹಾಡು ಧಾರಾಳವಾಯಿತು. ನನ್ನ ಒಪ್ಪಿಗೆ ಇಲ್ಲಿಗೆ ಮುಗಿಯಿತು.

ಲೇಬಲ್ ಇದ್ದಿದ್ದರೆ ಅರ್ಧ ಹಾಡು ತೆಗೆಸುತ್ತಿತ್ತು ಅಂತ ಯಾವ ಧೈರ್ಯದ ಮೇಲೆ ಬರೆದಿರಿ? ಅದರ ಹಿಂದಿನ ವರ್ಷ, ಅಂದರೆ 2018ರಲ್ಲಿ, ಡ್ರೇಕ್‌ನ ‘ಸ್ಕಾರ್ಪಿಯನ್’ ಬಂತು. 25 ಹಾಡು. ಮೀಗೋಸ್ ತಂಡದ ‘ಕಲ್ಚರ್ 2’ ಬಂತು. 24 ಹಾಡು. ಎರಡರ ಹಿಂದೆಯೂ ದೊಡ್ಡ ಕಂಪನಿಗಳಿದ್ದವು. ಅಲ್ಲಿ ಕತ್ತರಿ ಹಿಡಿದವರು ಯಾರು? ಹಾಡು ಹೆಚ್ಚಿದಷ್ಟೂ ಸ್ಟ್ರೀಮ್ ಹೆಚ್ಚುತ್ತದೆ, ಸ್ಟ್ರೀಮ್ ಹೆಚ್ಚಿದಷ್ಟೂ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಆಲ್ಬಮ್ ಮೇಲಕ್ಕೆ ಹೋಗುತ್ತದೆ. ಆ ಲೆಕ್ಕ ಗೊತ್ತಿರುವ ಕಂಪನಿ ‘ಇನ್ನೊಂದೆರಡು ಸೇರಿಸಪ್ಪಾ’ ಅನ್ನುತ್ತದೆಯೇ ಹೊರತು ತೆಗಿ ಅನ್ನುವುದಿಲ್ಲ. ನೀವು ಲೇಬಲ್ಲನ್ನು ಒಳ್ಳೆಯ ಸಂಪಾದಕ ಅಂದುಕೊಂಡಿದ್ದೀರಿ. ಅದು ಸಾಲ ಕೊಡುವ ಸಂಸ್ಥೆ. ಮುಂಗಡ ಕೊಡುತ್ತದೆ, ಆ ಮುಂಗಡವನ್ನು ಕಲಾವಿದನ ಪಾಲಿನಿಂದಲೇ ಮುರಿದುಕೊಳ್ಳುತ್ತದೆ. ಸಾಲ ತೀರಿದ ಮೇಲೂ ಮಾಸ್ಟರ್, ಅಂದರೆ ಮೂಲ ಧ್ವನಿಮುದ್ರಣ, ಸಾಮಾನ್ಯವಾಗಿ ಕಂಪನಿಯ ಹೆಸರಲ್ಲೇ ಉಳಿಯುತ್ತದೆ.

ಅದೇ ಶಿಕಾಗೋದ ಇನ್ನೊಬ್ಬನ ಕತೆ ನಿಮ್ಮ ಹಾಸ್ಟೆಲ್ಲಿನಲ್ಲಿ ಯಾರಿಗೂ ನೆನಪಾಗಲಿಲ್ವಾ? ಲೂಪೆ ಫಿಯಾಸ್ಕೋ. ಅಟ್ಲಾಂಟಿಕ್ ಕಂಪನಿಗೆ ಸಹಿ ಹಾಕಿದ್ದವನು. ಅವನ ಮೂರನೇ ಆಲ್ಬಮ್ ‘ಲೇಸರ್ಸ್’ ಅನ್ನು ಕಂಪನಿ ಬಹಳ ಕಾಲ ಬಿಡುಗಡೆ ಮಾಡಲೇ ಇಲ್ಲ. ರೇಡಿಯೋದಲ್ಲಿ ಓಡುವಂಥ ಹಾಡು ಬೇಕು ಅಂತ ಪಟ್ಟು ಹಿಡಿಯಿತು. 2010ರಲ್ಲಿ ಅಭಿಮಾನಿಗಳು ಸಹಿ ಸಂಗ್ರಹಿಸಿದರು, ನ್ಯೂಯಾರ್ಕಿನ ಕಚೇರಿ ಮುಂದೆ ಬಂದು ನಿಂತರು. ರ‍್ಯಾಪ್ ಆಲ್ಬಮ್ ಬಿಡಿ ಅಂತ ಜನ ಧರಣಿ ಕೂತದ್ದು! ಕೊನೆಗೆ 2011ರ ಮಾರ್ಚಿನಲ್ಲಿ ಅದು ಬಂತು. ಮೊದಲ ವಾರವೇ ಬಿಲ್‌ಬೋರ್ಡ್‌ನಲ್ಲಿ ಒಂದನೇ ಸ್ಥಾನ. ವಿಮರ್ಶಕರಲ್ಲಿ ಹಲವರು ಮೂಗು ಮುರಿದರು. ಹಾಡಿದವನೇ ಈ ಆಲ್ಬಮ್ ಮೇಲೆ ಪ್ರೀತಿಯಷ್ಟೇ ದ್ವೇಷವೂ ಇದೆ ಅಂತ ಸಂದರ್ಶನದಲ್ಲಿ ಹೇಳಿಕೊಂಡ. ನೀವು ಬಯಸಿದ ‘ಇದು ಬೇಡ’ ಅನ್ನುವವರು ಅಲ್ಲಿ ಬೇಕಾದಷ್ಟು ಮಂದಿ ಇದ್ದರು. ಚಾನ್ಸ್ ಕೆಟ್ಟ ಆಲ್ಬಮ್ ಮಾಡಿದ, ಆದರೆ ಅದು ಅವನದೇ ಕೆಟ್ಟ ಆಲ್ಬಮ್. ಲೂಪೆಗೆ ಆ ಸಮಾಧಾನವೂ ಸಿಗಲಿಲ್ಲ.

ಇನ್ನು ಆಪಲ್ ವಿಷಯ. ನಿಮ್ಮ ಬಾಣ ಇದೇ ಅಂತ ಗೊತ್ತಾಯಿತು, ಪತ್ರದಲ್ಲಿ ಅಡಿಗೆರೆ ಬೇರೆ ಎಳೆದಿದ್ದೀರಿ. 2016ರ ಮೇನಲ್ಲಿ ಚಾನ್ಸ್‌ನ ‘ಕಲರಿಂಗ್ ಬುಕ್’ ಆಲ್ಬಮ್ ಮೊದಲ ಎರಡು ವಾರ ಆಪಲ್ ಮ್ಯೂಸಿಕ್‌ನಲ್ಲಿ ಮಾತ್ರ ಸಿಗುತ್ತಿತ್ತು. ಅದಕ್ಕೆ 5 ಲಕ್ಷ ಡಾಲರ್ ಮತ್ತು ಒಂದು ಜಾಹೀರಾತು. ಇದನ್ನು ಯಾರೋ ಪತ್ತೆದಾರರು ಬಯಲು ಮಾಡಿದ್ದಲ್ಲ. ಮುಂದಿನ ವರ್ಷ ಅವನೇ ಎಲ್ಲರೆದುರು ಹೇಳಿದ. ಎರಡು ವಾರ ಕಳೆದ ಮೇಲೆ ಹಾಡು ಎಲ್ಲ ಕಡೆ ಬಂತು, ಮಾಸ್ಟರ್ ಅವನ ಹತ್ತಿರವೇ ಉಳಿಯಿತು. ಗದ್ದೆ ಗೇಣಿಗೆ ಕೊಡುವುದೇ ಬೇರೆ, ಕ್ರಯಪತ್ರ ಬರೆದುಕೊಡುವುದೇ ಬೇರೆ. ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ, ಒಂದು ನಿಮಿಷದಲ್ಲಿ ಹೇಳುತ್ತಾರೆ.

ಆ ಹುಡುಗ ಎಲ್ಲಿಂದ ಬಂದ ಅನ್ನುವುದನ್ನೂ ಮರೆಯಬೇಡಿ. ಹೈಸ್ಕೂಲಿನಲ್ಲಿ ಗಾಂಜಾ ಸಿಕ್ಕಿ ಹತ್ತು ದಿನ ಸಸ್ಪೆಂಡ್ ಆಗಿದ್ದ. ಆ ಬಿಡುವಿನಲ್ಲಿ ಶುರು ಮಾಡಿದ ಹಾಡುಗಳೇ 2012ರ ‘10 ಡೇ’. ಶಿಕಾಗೋ ನಗರದ ಹೆರಾಲ್ಡ್ ವಾಷಿಂಗ್ಟನ್ ಲೈಬ್ರರಿಯಲ್ಲಿ ಹರೆಯದ ಮಕ್ಕಳಿಗಾಗಿ ಒಂದು ಜಾಗವಿದೆ, ಯೂಮೀಡಿಯಾ ಅಂತ. ಪುಸ್ತಕದ ಜೊತೆಗೆ ರೆಕಾರ್ಡಿಂಗ್ ಸಲಕರಣೆಯೂ ಪುಕ್ಕಟೆ. ಸಂಜೆ ಮೈಕ್ ಮುಂದೆ ನಿಂತು ಯಾರು ಬೇಕಾದರೂ ಪದ್ಯ ಓದಬಹುದು. ಇವನು ಪಳಗಿದ್ದು ಅಲ್ಲಿ. ಸಾರ್ವಜನಿಕ ಗ್ರಂಥಾಲಯದಲ್ಲಿ! ನಮ್ಮ ಊರಿನ ಗ್ರಂಥಾಲಯದಲ್ಲಿ ಫ್ಯಾನ್ ತಿರುಗಿದರೆ ಅದೇ ದೊಡ್ಡ ಸಂಗತಿ. ಇರಲಿ, ಅದು ಬೇರೆ ಸಂಕಟ.

2013ರಲ್ಲಿ ‘ಆ್ಯಸಿಡ್ ರ‍್ಯಾಪ್’ ಅನ್ನೂ ಪುಕ್ಕಟೆ ಹಂಚಿದ. ಕಾರ್ಯಕ್ರಮ ಕೊಟ್ಟು, ಟೀ ಶರ್ಟ್ ಮಾರಿ ದುಡಿದ. ‘ಕಲರಿಂಗ್ ಬುಕ್’ ಬಂದ ಮೇಲೆ, 2017ರ ಗ್ರ್ಯಾಮಿಯಲ್ಲಿ ಮೂರು ಪ್ರಶಸ್ತಿ ಬಂದವು. ಮಾರಾಟಕ್ಕೇ ಇಡದೆ ಸ್ಟ್ರೀಮಿಂಗ್‌ನಲ್ಲಿ ಮಾತ್ರ ಇದ್ದ ಆಲ್ಬಮ್ ಒಂದಕ್ಕೆ ಗ್ರ್ಯಾಮಿ ಬಂದದ್ದು ಅದೇ ಮೊದಲು. ಕಷ್ಟ ಇರಲಿಲ್ಲ ಅಂತಲ್ಲ. ‘ಆ್ಯಸಿಡ್ ರ‍್ಯಾಪ್’ ಅನ್ನು 2019ರಲ್ಲಿ ಸ್ಟ್ರೀಮಿಂಗ್‌ಗೆ ತಂದಾಗ ‘ಜ್ಯೂಸ್’ ಹಾಡಿನಲ್ಲಿದ್ದ ಸ್ಯಾಂಪಲ್‌ಗೆ, ಅಂದರೆ ಬೇರೆಯವರ ಹಾಡಿನಿಂದ ಎತ್ತಿಕೊಂಡ ತುಣುಕಿಗೆ, ಅನುಮತಿ ಸಿಗಲಿಲ್ಲ. ಆ ಜಾಗದಲ್ಲಿ ಅವನದೊಂದು ಚಿಕ್ಕ ವಿವರಣೆ ಮಾತ್ರ ಇತ್ತು. ಹಳೇ ಮ್ಯಾನೇಜರ್ 2020ರಲ್ಲಿ ಬಾಕಿ ಹಣಕ್ಕೆ ಕೋರ್ಟಿಗೆ ಹೋದರು, ಇವನು ಪ್ರತಿದಾವೆ ಹೂಡಿದ. ಕಂಪನಿಯ ವಕೀಲರ ಪಡೆ ಬೆನ್ನಿಗಿಲ್ಲದವನ ಪಾಡು ಇದು. ಅದನ್ನೂ ಲೆಕ್ಕಕ್ಕೆ ಹಿಡಿದೇ ನಾನು ಅವನ ಕಡೆ ನಿಂತಿದ್ದೇನೆ.

ಯಾಕೆ ಇಷ್ಟು ಆವೇಶ ಅಂತೀರಾ? ನನಗೆ ಗೊತ್ತಿರುವ ಒಬ್ಬ ಜನಪದ ಗಾಯಕರಿದ್ದಾರೆ. ಕ್ಯಾಸೆಟ್ ಕಾಲದಲ್ಲಿ ಅವರ ದನಿ ಬಸ್ಸು, ಹೋಟೆಲ್ಲು, ಜಾತ್ರೆ ಎಲ್ಲ ಕಡೆ ಕೇಳುತ್ತಿತ್ತು. ಕಂಪನಿಯವರು ಒಂದು ಸಲ ದುಡ್ಡು ಕೊಟ್ಟರು, ಛಾಪಾ ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಇತ್ತೀಚೆಗೆ ಅವರ ಮೊಮ್ಮಗಳು ಅಜ್ಜನ ಹಾಡನ್ನು ಯೂಟ್ಯೂಬಿಗೆ ಹಾಕಿದಳು. ಮೂರನೇ ದಿನಕ್ಕೆ ಕಾಪಿರೈಟ್ ತಕರಾರು ಬಂತು. ‘ನನ್ನ ದನಿ ನಂದಲ್ಲಂತ ನೋಡ್ರಿ’ ಅಂತ ಅವರು ನಕ್ಕರು. ನನಗೆ ನಗಲು ಆಗಲಿಲ್ಲ.

ನಮ್ಮ ಸಿನಿಮಾ ಹಾಡುಗಳ ಹಣೆಬರಹವೂ ಇಂಥದ್ದೇ. ಹಾಡು ಬರೆದವರು, ರಾಗ ಹಾಕಿದವರು ನಿರ್ಮಾಪಕರಿಗಾಗಿ ಕೆಲಸ ಮಾಡಿದರೆ ಬೇರೆ ಕರಾರು ಇಲ್ಲದಿದ್ದಲ್ಲಿ ಹಕ್ಕು ನಿರ್ಮಾಪಕರದು ಅಂತ 1977ರಲ್ಲಿ ಸುಪ್ರೀಂ ಕೋರ್ಟೇ ಹೇಳಿತ್ತು. 2012ರಲ್ಲಿ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ಬಂತು. ಚಿತ್ರಮಂದಿರದ ಆಚೆ ಹಾಡು ಬಳಕೆಯಾದರೆ ಬರೆದವರಿಗೂ ಸಂಯೋಜಕರಿಗೂ ರಾಯಧನದಲ್ಲಿ ಸಮಪಾಲು ಇರಬೇಕು, ಆ ಪಾಲನ್ನು ಬರೆದುಕೊಟ್ಟು ಕಳೆದುಕೊಳ್ಳುವಂತಿಲ್ಲ ಅಂತಾಯಿತು. ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿ ಇದಕ್ಕಾಗಿ ಗಟ್ಟಿಯಾಗಿ ಮಾತಾಡಿದ್ದರು. ಅದಕ್ಕೆ ಮೊದಲು ಬರೆದವರು ಎಷ್ಟೋ ಜನ ಬಾಡಿಗೆ ಮನೆಯಲ್ಲೇ ತೀರಿಕೊಂಡರು, ಅವರ ಹಾಡು ಮಾತ್ರ ಇವತ್ತೂ ಎಲ್ಲರ ರಿಂಗ್‌ಟೋನ್. ಕರಾರುಪತ್ರ ಓದದೆ ಸಹಿ ಹಾಕುವ ಲೇಖಕರನ್ನು ಈಗಲೂ ನೋಡುತ್ತೇನೆ. ‘ಸಾರ್, ಪುಸ್ತಕ ಬಂದರೆ ಸಾಕು’ ಅನ್ನುತ್ತಾರೆ. ಸಿಟ್ಟು ಬರುತ್ತದೆ.

ಇ-40 ಮತ್ತು ಟೂ ಶಾರ್ಟ್ ಅಂತ ಕ್ಯಾಲಿಫೋರ್ನಿಯಾದ ಇಬ್ಬರು ಹಳೇ ರ‍್ಯಾಪರ್‌ಗಳು. ಕಾರಿನ ಡಿಕ್ಕಿಯಲ್ಲಿ ಕ್ಯಾಸೆಟ್ ತುಂಬಿಕೊಂಡು ಮಾರಿದವರು. ಅದನ್ನು ಓದಿದಾಗೆಲ್ಲ ನನಗೆ ನಿಮ್ಮ ಪಕ್ಕದ ಹಾವೇರಿಯ ಗಳಗನಾಥರು ನೆನಪಾಗುತ್ತಾರೆ. ತಾವು ಬರೆದ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಅವರಿಗೂ ಇವರಿಗೂ ಒಂದೇ ಮಾರುಕಟ್ಟೆ ಇತ್ತು, ಎದುರಿಗೆ ನಿಂತ ಮನುಷ್ಯ. ಈಗ ಬೆಂಗಳೂರು, ಹುಬ್ಬಳ್ಳಿಯ ಹುಡುಗರು ತಮ್ಮದೇ ಚಾನೆಲ್ ತೆರೆದು ಕನ್ನಡದಲ್ಲಿ ರ‍್ಯಾಪ್ ಹಾಕುತ್ತಿದ್ದಾರೆ. ಕೆಲವು ಚೆನ್ನಾಗಿವೆ, ಕೆಲವನ್ನು ಕೇಳಲಾಗದು. ಎರಡನೆಯದಕ್ಕೂ ನನ್ನ ಬೆಂಬಲವಿದೆ. ಹಕ್ಕು ಮಾತ್ರ ಮಾರಿಕೊಳ್ಳಬೇಡಿ ಅಂತ ಅವರಲ್ಲಿ ಯಾರಾದರೂ ಪರಿಚಯವಿದ್ದರೆ ಹೇಳಿ.

ಹೌದು, ‘ಸ್ಟಾರ್ ಲೈನ್’ ಕೇಳಿದೆ. 2025ರ ಆಗಸ್ಟ್ 15ಕ್ಕೆ ಬಂತು, ಇದೂ ಅವನ ಸ್ವಂತದ್ದೇ. ಹೆಸರು ಕರಿಯರ ಚಳವಳಿಯ ಮುಂದಾಳು ಮಾರ್ಕಸ್ ಗಾರ್ವಿ 1919ರಲ್ಲಿ ಕಟ್ಟಿದ ಬ್ಲ್ಯಾಕ್ ಸ್ಟಾರ್ ಲೈನ್ ಹಡಗು ಕಂಪನಿಯದು. ಕರಿಯರ ಸ್ವಂತ ಹಡಗು ಇರಬೇಕು ಅಂತ ಸಾಮಾನ್ಯ ಜನ ಐದೈದು ಡಾಲರಿನ ಷೇರು ಕೊಂಡರು. ಮೊದಲ ಹಡಗು ಯಾರ್ಮತ್ ಹಳೇ ಸಾಮಾನು, ಅದರ ಯೋಗ್ಯತೆಗಿಂತ ಎಷ್ಟೋ ಪಟ್ಟು ಕೊಟ್ಟು, 1,65,000 ಡಾಲರಿಗೆ ಕೊಂಡಿದ್ದರು. 1922ಕ್ಕೆ ಕಂಪನಿ ಮುಳುಗಿತು. ಸೋತ ಕಂಪನಿಯ ಹೆಸರನ್ನೇ ಆರಿಸಿಕೊಂಡವನಿಗೆ ತನ್ನ ‘ಬಿಗ್ ಡೇ’ ನೆನಪಿರಲಿಲ್ಲ ಅಂತೀರಾ? ಆಲ್ಬಮ್‌ನಲ್ಲಿ ನಡುವೆ ಸ್ವಲ್ಪ ಎಳೆದಾಟ ಇದೆ, ಅದು ನಿಜ. ಆದರೆ ಜಮೀಲಾ ವುಡ್ಸ್ ಜೊತೆಗಿನ ‘ನೋ ಮೋರ್ ಓಲ್ಡ್ ಮೆನ್’ ಅನ್ನು ನಾನು ಮತ್ತೆ ಮತ್ತೆ ಹಾಕಿಕೊಂಡಿದ್ದೇನೆ. ನೀವು ಪತ್ರದಲ್ಲಿ ಆ ಹಾಡಿನ ಬಗ್ಗೆ ಒಂದು ಸಾಲೂ ಬರೆದಿಲ್ಲ. ಕೇಳಿ, ಆಮೇಲೆ ಜಗಳಕ್ಕೆ ಬನ್ನಿ. ಉಳಿದ ಓದುಗರ ಪತ್ರಗಳು ಮುಂದಿನ ಸಂಚಿಕೆಯಲ್ಲಿ. ಈ ಸಲದ ಜಾಗವನ್ನೆಲ್ಲ ಹುಬ್ಬಳ್ಳಿಯ ಈ ಹುಡುಗರೇ ತಿಂದರು.