ಸರ್ಕಾರಿ ಕಡತವನ್ನು ಕಂಪ್ಯೂಟರಿನಲ್ಲಿ ಸೇವ್ ಮಾಡಿಟ್ಟರೆ 50 ವರ್ಷದ ಮೇಲೂ ಜನರಿಗೆ ಓದಲು ಸಿಗುತ್ತದಾ?

ಸುಮ್ನೆ ಸೇವ್ ಮಾಡಿಟ್ಟರೆ ಸಿಗೋದು ಕಷ್ಟ. ಫೈಲ್ ಹಾಳಾಗದೆ ಉಳಿದರೂ ಅದನ್ನು ಓದುವ ದಾರಿಯೇ ಮುಚ್ಚಿಹೋಗಬಹುದು.

ನಮ್ಮಲ್ಲೇ ನೋಡಿ. ಯುನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಜಾಗತಿಕ ಪದ್ಧತಿ) ರೂಢಿಗೆ ಬರುವ ಮೊದಲು ಕಚೇರಿಗಳಲ್ಲಿ ‘ನುಡಿ’, ‘ಬರಹ’ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡುತ್ತಿದ್ದರು. ಆ ಫೈಲಿನೊಳಗೆ ಕನ್ನಡ ಅಕ್ಷರವೇ ಇಲ್ಲ. ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಫಾಂಟು ಕನ್ನಡದ ವೇಷ ಹಾಕಿರುತ್ತದೆ, ಅಷ್ಟೇ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ತಲೆ ಮೇಲೆ ಚುಕ್ಕೆ, ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆ! ‘ಪಹಣಿ’ ಅಂತ ಹುಡುಕಿದರೆ ಒಂದೂ ಸಿಗುವುದಿಲ್ಲ.

ಅದಕ್ಕೇ ಇಂಥವನ್ನು ಮೊದಲು ಯುನಿಕೋಡ್‌ಗೆ ಬದಲಿಸಿ, ಆಮೇಲೆ ಪಿಡಿಎಫ್/ಎ ಮಾಡಿ ಇಡಬೇಕು. ದೀರ್ಘಕಾಲ ಕಾಪಿಡಲೆಂದೇ 2005ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ರೂಪ ಇದು; ಫಾಂಟ್ ಕಡತದೊಳಗೇ ಕೂತಿರುತ್ತದೆ. ಹಳೆ ಫಾಂಟಿನದನ್ನೇ ನೇರ ಪಿಡಿಎಫ್ ಮಾಡಿದರೆ ಕಣ್ಣಿಗೇನೋ ಕಾಣುತ್ತದೆ, ಹುಡುಕಲು ಆಗಲ್ಲ.

ಇನ್ನು ಇಲಾಖೆ, ದಿನಾಂಕ, ಕಡತ ಸಂಖ್ಯೆ ಜೊತೆಗೇ ದಾಖಲಾಗಬೇಕು. ‘ಸ್ಕ್ಯಾನ್ 0047’ ಎಂಬ ಹೆಸರಿನ ಫೈಲಿನಲ್ಲಿ ಯಾವ ಊರಿನ ಆದೇಶವಿದೆ ಅಂತ ಯಾರಿಗೆ ಗೊತ್ತಾಗಬೇಕು? ಪ್ರತಿಗಳನ್ನೂ ಬೇರೆ ಬೇರೆ ಊರುಗಳಲ್ಲಿ ಇಟ್ಟಿರಬೇಕು.