ಮಂಡ್ಯದ ತಮ್ಮನಿಗೆ: ಅಲ್ಲಿ ಹೋದ ಮೇಲೆ ಇನ್ಸುಲಿನ್ ಬಚ್ಚಿಡಬೇಡ

ನೀನು ಕೇಳಿದ್ದನ್ನು ಎರಡು ಸಲ ಓದಿದೆ. ಸೆಪ್ಟೆಂಬರ್‌ನಲ್ಲಿ ಎಂ.ಎಸ್ಸಿ. ಓದಲು ಇಂಗ್ಲೆಂಡಿಗೆ ಹೊರಟಿದ್ದೀಯ. ಹದಿಮೂರನೇ ವಯಸ್ಸಿನಿಂದ ಟೈಪ್ 1 ಶುಗರ್, ದಿನಕ್ಕೆ ನಾಲ್ಕು ಸಲ ಇನ್ಸುಲಿನ್. ಅಲ್ಲಿ ಇನ್ಸುಲಿನ್ ಸಿಗುತ್ತಾ, ಖರ್ಚು ಎಷ್ಟು, ಮುದ್ದೆ ಬಿಟ್ಟು ಹೇಗಿರೋದು ಅಂತ ಕೇಳಿದ್ದೀಯ. ಕೊನೆಗೆ ಒಂದು ಸಾಲು ಸೇರಿಸಿದ್ದೀಯ: "ರೂಮಿನವರಿಗೆ ಹೇಳಬೇಡ, ಯಾಕೆ ಸುಮ್ನೆ ಅಂತಾರೆ ಅಮ್ಮ. ಹೇಳಬೇಕಾ ಅಕ್ಕಾ?"

ನಾನು ಮೈಸೂರಿನವಳು. ಹನ್ನೊಂದನೇ ವಯಸ್ಸಿನಿಂದ ಇನ್ಸುಲಿನ್ ತಗೊಳ್ಳುತ್ತಿದ್ದೇನೆ. ಇಂಗ್ಲೆಂಡಿನ ಶೆಫೀಲ್ಡ್‌ಗೆ ಹೋಗಿ ಹದಿನಾಲ್ಕು ವರ್ಷವಾಯಿತು. ಈಗ ರಜೆಗೆ ಬಂದು ಸರಸ್ವತಿಪುರಂನ ಅಮ್ಮನ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ.

ಖರ್ಚಿನ ಮಾತು ಬೇಗ ಮುಗಿಸುತ್ತೇನೆ. ವೀಸಾ ಅರ್ಜಿಯ ಜೊತೆ ವಿದ್ಯಾರ್ಥಿಗಳು ವರ್ಷಕ್ಕೆ 776 ಪೌಂಡ್ ಲೆಕ್ಕದಲ್ಲಿ ಆರೋಗ್ಯ ಶುಲ್ಕ ಕಟ್ಟಬೇಕು. ಅಲ್ಲಿಗೆ ಹೋದ ವಾರದಲ್ಲೇ ಹತ್ತಿರದ ಜಿಪಿ, ಅಂದರೆ ನಮ್ಮ ಫ್ಯಾಮಿಲಿ ಡಾಕ್ಟರ್ ಇದ್ದ ಹಾಗೆ, ಅವರಲ್ಲಿ ಹೆಸರು ಬರೆಸು. ಇನ್ಸುಲಿನ್ ತಗೊಳ್ಳುವವರಿಗೆ ಔಷಧಿ ಶುಲ್ಕದ ವಿನಾಯಿತಿ ಪತ್ರ ಕೊಡುತ್ತಾರೆ. ಅದಕ್ಕೆ ಎಫ್‌ಪಿ92ಎ ಅನ್ನುವ ಫಾರಂ ಕೇಳು. ಆ ಪತ್ರ ಬಂದರೆ ಐದು ವರ್ಷ ಇನ್ಸುಲಿನ್, ಸೂಜಿ, ಶುಗರ್ ನೋಡುವ ಸ್ಟ್ರಿಪ್ ಯಾವುದಕ್ಕೂ ಕಾಸು ಕೊಡಬೇಕಿಲ್ಲ. ಕೈ ಮೇಲೆ ಅಂಟಿಸುವ, ಶುಗರ್ ಅಳೆಯುವ ಸೆನ್ಸರ್ ಕೂಡ ಕೇಳು. ಟೈಪ್ 1 ಇರುವ ದೊಡ್ಡವರಿಗೆಲ್ಲ ಅದನ್ನು ಕೊಡಬೇಕು ಅಂತ 2022ರಲ್ಲೇ ಅಲ್ಲಿ ನಿಯಮ ಬಂದಿದೆ. ಆದರೆ ಎಲ್ಲಕ್ಕೂ ಒಂದಿಷ್ಟು ದಿನ ಹಿಡಿಯುತ್ತೆ. ಅದಕ್ಕೇ ಮೂರು ತಿಂಗಳಿಗೆ ಆಗುವಷ್ಟು ಇಲ್ಲಿಂದಲೇ ಒಯ್ಯಿ, ಡಾಕ್ಟರ ಪತ್ರದ ಸಮೇತ. ಎಲ್ಲವನ್ನೂ ಕೈಚೀಲದಲ್ಲೇ ಇಟ್ಟುಕೋ. ವಿಮಾನದ ಹೊಟ್ಟೆಗೆ ಹಾಕುವ ಸೂಟ್‌ಕೇಸಿನಲ್ಲಿ ಇನ್ಸುಲಿನ್ ಹೆಪ್ಪುಗಟ್ಟಿದರೆ ಮುಗೀತು, ಮತ್ತೆ ಬಳಸುವ ಹಾಗಿಲ್ಲ.

ಇನ್ನೊಂದು ವಿಷಯವಿದೆ. ಇದನ್ನು ಮಾತ್ರ ನಿಧಾನವಾಗಿ ಓದು. ಇನ್ಸುಲಿನ್ ಚುಚ್ಚಿಕೊಳ್ಳಲು ನೀನು ಇನ್ಸುಲಿನ್ ಪೆನ್ ಬಳಸುತ್ತೀಯೋ ಸಿರಿಂಜೋ ಅಂತ ಬರೆದಿಲ್ಲ. ನಮ್ಮಲ್ಲಿ ಬಾಟಲಿಯ ಇನ್ಸುಲಿನ್ ಹೆಚ್ಚಾಗಿ ಒಂದು ಮಿಲಿಗೆ 40 ಯೂನಿಟ್ ಇರುತ್ತೆ. ಅದರ ಸಿರಿಂಜಿಗೆ ಕೆಂಪು ಮುಚ್ಚಳ. ಅಲ್ಲಿ ಸಿಗುವ ಬಾಟಲಿಯಲ್ಲಿ ಮಿಲಿಗೆ 100 ಯೂನಿಟ್. ಇಲ್ಲಿಂದ ಒಯ್ದ ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಅಲ್ಲಿನ ಇನ್ಸುಲಿನ್ ಎಳೆದರೆ, ನೀನು 10 ಯೂನಿಟ್ ಅಂದುಕೊಂಡಿದ್ದು 25 ಆಗಿರುತ್ತೆ. ಜೀವಕ್ಕೇ ಅಪಾಯ. ಸಿರಿಂಜ್ ಬಳಸುತ್ತಿದ್ದರೆ ಹೊರಡುವ ಮೊದಲೇ ಡಾಕ್ಟರ ಹತ್ತಿರ ಮಾತಾಡಿ ಪೆನ್ನಿಗೆ ಬದಲಾಯಿಸಿಕೊ.

ಮೀಟರಿನ ಲೆಕ್ಕವೂ ಬೇರೆ. ನರ್ಸ್ "ಏಳು ಇದೆ" ಅಂದಾಗ ಗಾಬರಿಯಾಗಬೇಡ. 18ರಿಂದ ಗುಣಿಸು, ನಮ್ಮ 126 ಬರುತ್ತೆ. ಅವರ 4 ಅಂದರೆ ನಮ್ಮ 72. ಅದಕ್ಕಿಂತ ಕೆಳಗೆ ಹೋದರೆ ಲೋ, ಅಂದರೆ ಶುಗರ್ ತೀರಾ ಕಡಿಮೆ.

ಈಗ ಅಮ್ಮನ ಮಾತಿಗೆ ಬರುತ್ತೇನೆ. ನಿನ್ನ ಅಮ್ಮನ ಮೇಲೆ ನನಗೆ ಒಂದಿಷ್ಟೂ ಬೇಸರವಿಲ್ಲ. ನನ್ನಮ್ಮನೂ ಹಾಗೇ ಇದ್ದರು. "ಹೆಣ್ಣು ಮಗು, ಯಾರಿಗೂ ಹೇಳಬೇಡಿ, ನಾಳೆ ಮದುವೆಗೆ ತೊಂದರೆ" ಅಂತ ನೆಂಟರೆಲ್ಲ ಹೇಳಿದ್ದರು. ನಾನು ಸ್ಕೂಲಿನ ಬಚ್ಚಲಲ್ಲಿ ನಿಂತು ಚುಚ್ಚಿಕೊಳ್ಳುತ್ತಿದ್ದೆ. ನನ್ನಂಥ ಇನ್ನೊಂದು ಮಗು ಊರಲ್ಲಿದೆ ಅಂತಲೇ ಗೊತ್ತಿರಲಿಲ್ಲ. ಒಂದು ದಿನ ಆಸ್ಪತ್ರೆಯ ಬೆಂಚಿನ ಮೇಲೆ ನಂಜನಗೂಡಿನ ಒಬ್ಬ ತಾಯಿ ನಮ್ಮಮ್ಮನ ಪಕ್ಕ ಕೂತರು. ಅವರ ಮಗನಿಗೂ ಇದೇ. ಫ್ರಿಜ್ ಇಲ್ಲ, ಮಡಕೆಯೊಳಗೆ ಮಡಕೆ ಇಟ್ಟು ನಡುವೆ ಒದ್ದೆ ಮರಳು ತುಂಬಿ ಇನ್ಸುಲಿನ್ ತಂಪಾಗಿ ಇಡುತ್ತೀನಿ ಅಂದರು. ಅಮ್ಮ ಅವತ್ತು ಮನೆಗೆ ಬಂದು ಮೊದಲ ಸಲ ಹೊಟ್ಟೆ ತುಂಬಾ ಊಟ ಮಾಡಿದರು. ಆಮೇಲೆ ಮೂರು ಮನೆಯವರು ಭಾನುವಾರ ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಸೇರುತ್ತಿದ್ದರು. ಮಕ್ಕಳು ನಾವು ಓಡುತ್ತಿದ್ದೆವು, ಅಮ್ಮಂದಿರು ರಾತ್ರಿ ಶುಗರ್ ಎಷ್ಟಿತ್ತು ಅಂತ ಮಾತಾಡುತ್ತಿದ್ದರು. ಸಂಘ ಅಂತ ಹೆಸರೂ ಇರಲಿಲ್ಲ.

ಇಷ್ಟೆಲ್ಲ ಕಂಡಿದ್ದರೂ ಶೆಫೀಲ್ಡ್‌ಗೆ ಹೋದಾಗ ಮತ್ತೆ ಬಚ್ಚಿಟ್ಟೆ. ಹೊಸ ಊರು, ಏನಂದುಕೊಳ್ಳುತ್ತಾರೋ ಅಂತ. ನವೆಂಬರ್ ತಿಂಗಳು. ಹೊಸದಾಗಿ ಜಾಸ್ತಿ ನಡೆಯುತ್ತಿದ್ದೆ, ಏರು ಬೀದಿಗಳ ಊರು ಅದು. ರಾತ್ರಿ ಮೂರಕ್ಕೆ ಬಟ್ಟೆಯೆಲ್ಲ ಬೆವರಿನಲ್ಲಿ ತೊಯ್ದು ಎಚ್ಚರವಾಯಿತು. ಮೀಟರಿನಲ್ಲಿ 2.6. ಮೈಸೂರಿನಲ್ಲಾದರೆ ಅಮ್ಮ ರಾತ್ರಿ ಎದ್ದು ಬಂದು ನನ್ನ ಕತ್ತಿನ ಹಿಂದೆ ಕೈಯಿಟ್ಟು ಬೆವರಿದೆಯಾ ಅಂತ ನೋಡುತ್ತಿದ್ದರು. ಗ್ಲೂಕೋಸ್ ಮಾತ್ರೆಯ ಡಬ್ಬಿಯ ಮುಚ್ಚಳ ತೆಗೆಯಲು ಬೆರಳು ಕೇಳಲಿಲ್ಲ. ಗೋಡೆ ಹಿಡಿದು ಅಡುಗೆಮನೆಗೆ ಇಳಿದೆ. ಯಾರದೋ ಕಿತ್ತಳೆ ಜ್ಯೂಸ್ ಸಿಕ್ಕಿತು, ಅರ್ಧ ಮೈಮೇಲೆ ಚೆಲ್ಲಿಕೊಂಡು ಕುಡಿದೆ. ಸದ್ದಿಗೆ ಪಕ್ಕದ ರೂಮಿನ ನೈಜೀರಿಯಾದ ಹುಡುಗಿ ಎದ್ದು ಬಂದಳು. ನನ್ನ ತೊದಲು ಮಾತು ಕೇಳಿ ಕುಡಿದಿದ್ದೇನೆ ಅಂದುಕೊಂಡಳಂತೆ. ನೆಲದ ಮೇಲೆ ನನ್ನ ಪಕ್ಕ ಕೂತಳು. ಸುಧಾರಿಸಿಕೊಂಡ ಮೇಲೆ ಎಲ್ಲ ಹೇಳಿದೆ. ಅವಳು ಕೇಳಿದ್ದು ಒಂದೇ: "ಇದನ್ನು ಮೊದಲೇ ಯಾಕೆ ಹೇಳಲಿಲ್ಲ?" ಬೆಳಗ್ಗೆ ಫ್ರಿಜ್ಜಿನ ಬಾಗಿಲಿಗೆ ಚೀಟಿ ಅಂಟಿಸಿದ್ದಳು: ಇವಳು ಬೆವರಿದರೆ, ತಡವರಿಸಿದರೆ ಜ್ಯೂಸ್ ಕೊಡಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, ಆಂಬ್ಯುಲೆನ್ಸ್‌ಗೆ 999ಕ್ಕೆ ಫೋನ್ ಮಾಡಿ.

ಅದಕ್ಕೇ ಹೇಳುವುದು, ಮೊದಲ ದಿನವೇ ಹೇಳು. ರೂಮಿನವರಿಗೆ, ಕ್ಲಾಸಿನಲ್ಲಿ ಪಕ್ಕ ಕೂರುವವನಿಗೆ, ಯೂನಿವರ್ಸಿಟಿಯ ಅಂಗವಿಕಲ ವಿದ್ಯಾರ್ಥಿಗಳ ವಿಭಾಗಕ್ಕೂ. ಆ ಹೆಸರು ಕೇಳಿ ಹಿಂಜರಿಯಬೇಡ. ಪರೀಕ್ಷೆಗೆ ಮೀಟರ್, ತಿಂಡಿ ಒಯ್ಯಲು, ನಡುವೆ ಬಿಡುವು ತಗೊಳ್ಳಲು ಅವರೇ ಏರ್ಪಾಟು ಮಾಡುತ್ತಾರೆ. ಇದಕ್ಕಾಗಿ ಯಾರೂ ವಾಪಸ್ ಕಳಿಸುವುದಿಲ್ಲ. ಜೇಬಿನಲ್ಲಿ ಯಾವಾಗಲೂ ಗ್ಲೂಕೋಸ್ ಇರಲಿ. ನಿಮ್ಮೂರ ಆಲೆಮನೆಯ ಬೆಲ್ಲವೂ ಆಗುತ್ತೆ. ಮೈಸೂರು ಪಾಕ್ ಮಾತ್ರ ನೆಚ್ಚಬೇಡ, ತುಪ್ಪ ಇರುವುದರಿಂದ ಸಕ್ಕರೆ ನಿಧಾನವಾಗಿ ಏರುತ್ತೆ.

ಜೊತೆಗಾರರೂ ಸಿಗುತ್ತಾರೆ. ಡಯಾಬಿಟಿಸ್ ಯುಕೆ ಅನ್ನುವ ಸಂಸ್ಥೆಗೆ ಊರೂರಲ್ಲಿ ಗುಂಪುಗಳಿವೆ. 1934ರಲ್ಲಿ ಅದನ್ನು ಶುರುಮಾಡಿದವರು ಬರಹಗಾರ ಎಚ್.ಜಿ. ವೆಲ್ಸ್ ಮತ್ತು ಡಾ. ಆರ್.ಡಿ. ಲಾರೆನ್ಸ್. ಇಬ್ಬರಿಗೂ ಈ ಕಾಯಿಲೆ ಇತ್ತು. ಲಾರೆನ್ಸ್ 1923ರಿಂದ ಇನ್ಸುಲಿನ್ ಮೇಲೇ ಬದುಕಿದವರು. ಇದನ್ನು ಓದಿದಾಗ ನನಗೆ ಕುಕ್ಕರಹಳ್ಳಿ ಕೆರೆಯ ಅಮ್ಮಂದಿರು ನೆನಪಾದರು.

ಜಿಪಿಯನ್ನು ಕೇಳಿ ಡ್ಯಾಫ್ನೆ ಅನ್ನುವ ತರಬೇತಿಗೂ ಸೇರು. ಐದು ದಿನ, ಇನ್ಸುಲಿನ್ ತಗೊಳ್ಳುವವರೇ ಒಂದು ಮೇಜಿನ ಸುತ್ತ ಕೂತು, ಊಟಕ್ಕೆ ತಕ್ಕ ಡೋಸ್ ಲೆಕ್ಕ ಹಾಕಲು ಕಲಿಯುತ್ತಾರೆ. ಮುದ್ದೆಯಲ್ಲಿ ಎಷ್ಟು ಕಾರ್ಬ್, ಅಂದರೆ ಶುಗರ್ ಏರಿಸುವ ಪಿಷ್ಟ, ಇದೆ ಅಂತ ಅಲ್ಲಿ ನಾನು ಕೇಳಿದೆ. ಕಲಿಸುವವರಿಗೆ ಗೊತ್ತಿರಲಿಲ್ಲ, ಎಲ್ಲರೂ ಸೇರಿ ಹುಡುಕಿದೆವು. ಮುದ್ದೆ ತೂಕ ಮಾಡಿದರೆ ನೀರಿನಿಂದ ಲೆಕ್ಕ ತಪ್ಪುತ್ತೆ. ಹಿಟ್ಟನ್ನೇ ತೂಕ ಮಾಡು. 75 ಗ್ರಾಂ ರಾಗಿ ಹಿಟ್ಟಿಗೆ ಸುಮಾರು 50 ಗ್ರಾಂ ಕಾರ್ಬ್. ರಾಗಿ ಹಿಟ್ಟು ಅಲ್ಲಿ ಭಾರತೀಯ ಅಂಗಡಿಗಳಲ್ಲಿ ಸಿಗುತ್ತೆ. ಮುದ್ದೆ ಬಿಡಬೇಕಿಲ್ಲ.

ಇನ್ನೂ ಎರಡು ವಾರ ಮೈಸೂರಿನಲ್ಲಿ ಇರುತ್ತೇನೆ. ಮಂಡ್ಯದಿಂದ ಬಸ್ಸಿನಲ್ಲಿ ಎಷ್ಟು ಹೊತ್ತು, ಅಲ್ವಾ? ನಿನ್ನ ಅಮ್ಮನನ್ನೂ ಕರೆದುಕೊಂಡು ಒಂದು ಭಾನುವಾರ ಬಾ. ನಿನ್ನ ಪೆನ್ ಅಥವಾ ಸಿರಿಂಜ್, ಮೀಟರ್, ಡಾಕ್ಟರ ಚೀಟಿ ಎಲ್ಲ ತಾ, ಕೂತು ನೋಡೋಣ. ನಿನ್ನ ಅಮ್ಮನ ಹತ್ತಿರ ನನಗಿಂತ ನನ್ನಮ್ಮ ಚೆನ್ನಾಗಿ ಮಾತಾಡುತ್ತಾರೆ. ಆ ಹುಡುಗನಿಗೆ ಎಷ್ಟು ಹಿಟ್ಟು ತೂಕ ಹಾಕಲಿ ಅಂತ ಈಗಲೇ ಅಡುಗೆಮನೆಯಿಂದ ಕೇಳುತ್ತಿದ್ದಾರೆ.