ಇಂಗ್ಲೆಂಡಿಗೆ ಓದಲು ಬರುವ ಮುನ್ನ

ಕನ್ನಡ ಧಾರಾವಾಹಿ, ಸುದ್ದಿವಾಹಿನಿಗಳು ಲೈಂಗಿಕ ಅಲ್ಪಸಂಖ್ಯಾತರನ್ನು ಹೇಗೆ ತೋರಿಸುತ್ತವೆ ಅಂತ ಪಿಎಚ್‌ಡಿ ಮಾಡಲು ಇಂಗ್ಲೆಂಡಿಗೆ ಬರುತ್ತಿದ್ದೀರಿ. ಮುಂದೆ ಕೆಲಸ ಸಿಗುತ್ತಾ, ಮನೆಯಲ್ಲಿ ಏನಂತ ಹೇಳಲಿ, ಅಲ್ಲಿನವರು ಹೇಗೆ ನೋಡುತ್ತಾರೆ ಅಂತ ಕೇಳಿದ್ದೀರಿ. ಇಂಥದ್ದೇ ವಿಷಯ ಹಿಡಿದು ನಾನು ಲೆಸ್ಟರ್‌ಗೆ ಬಂದಿಳಿದ ದಿನ ಎಡೆಬಿಡದ ಮಳೆ. ಪೆಟ್ಟಿಗೆಯಲ್ಲಿ ಬಟ್ಟೆಗಿಂತ ಕ್ಯಾಸೆಟ್ಟೇ ಜಾಸ್ತಿ ಇತ್ತು.

ಊಟ, ಚಳಿ ಎಲ್ಲ ಹೇಗೋ ಅಭ್ಯಾಸವಾಗುತ್ತದೆ. ಮನೆಯಲ್ಲಿ ಸದ್ಯಕ್ಕೆ ‘ಮಾಧ್ಯಮ ಅಧ್ಯಯನ’ ಅನ್ನಿ. ಪೂರ್ತಿ ವಿಷಯವನ್ನು ರಜೆಗೆ ಹೋದಾಗ ಎದುರು ಕೂತು ಹೇಳಿ. ನಮ್ಮ ಮನೆಗಳ ಸಂಗತಿ ನಿಮಗೆ ಗೊತ್ತಲ್ವಾ.

ಈ ವಿಷಯಕ್ಕೇ ಅಂತ ಹುದ್ದೆ ಕರೆಯುವುದು ಅಪರೂಪ. ಬರ್ಮಿಂಗ್‌ಹ್ಯಾಮಿನಲ್ಲಿ 1964ರಲ್ಲಿ ಶುರುವಾದ ಕೇಂದ್ರ ಸಾಂಸ್ಕೃತಿಕ ಅಧ್ಯಯನಕ್ಕೇ ತವರು. ಸಂಸ್ಕೃತಿ ಚಿಂತಕ ಸ್ಟುವರ್ಟ್ ಹಾಲ್ ನಡೆಸಿದ್ದು. ಅದನ್ನೂ 2002ರಲ್ಲಿ ಮುಚ್ಚಿಬಿಟ್ಟರು. ಹಾಗಾಗಿ ಪತ್ರಿಕೋದ್ಯಮವನ್ನೋ ಡಿಜಿಟಲ್ ಮೀಡಿಯಾವನ್ನೋ ಪಾಠ ಮಾಡುವಷ್ಟು ಕಲಿತುಕೊಳ್ಳಿ.

‘ನಿಮ್ಮ ದೇಶ ಇನ್ನೂ ಹಿಂದೆ’ ಅನ್ನುವವರು ಸಿಕ್ಕರೆ ತಲೆ ತಗ್ಗಿಸಬೇಡಿ. ನಮ್ಮಲ್ಲಿ ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಕಲಂ ಬ್ರಿಟಿಷರು 1860ರಲ್ಲಿ ಬರೆದಿಟ್ಟದ್ದು. ಸ್ಥಳೀಯ ಆಡಳಿತ ಸಲಿಂಗಪ್ರೇಮವನ್ನು ‘ಉತ್ತೇಜಿಸಬಾರದು’ ಅನ್ನುವ 28ನೇ ಕಲಂ ಇಂಗ್ಲೆಂಡಿನಲ್ಲೇ 1988ರಿಂದ 2003ರವರೆಗೆ ಇತ್ತು.

ನಾನು ಕಷ್ಟಪಟ್ಟು ಕಲಿತದ್ದು ಬೇರೆ. ನನ್ನ ಪ್ರಬಂಧದಲ್ಲಿ ಜೋಗತಿಯರ ಬಗ್ಗೆ, ಅಂದರೆ ಗಂಡಾಗಿ ಹುಟ್ಟಿ ಯಲ್ಲಮ್ಮನ ಸೇವೆಗೆ ಮುಡಿಪಾಗಿ ಹೆಣ್ಣಾಗಿ ಬಾಳುವವರ ಬಗ್ಗೆ, ಒಂದು ಅಧ್ಯಾಯವಿತ್ತು. ಯಲ್ಲಮ್ಮನ ಸವದತ್ತಿ ಗುಡ್ಡ, ಚೌಡಿಕೆ ವಾದ್ಯ, ತಲೆ ಮೇಲಿನ ಕೊಡ, ಅವರನ್ನು ಟಿವಿ ತೋರಿಸುವ ರೀತಿ. ಒಂದು ಸಂಶೋಧನಾ ಪತ್ರಿಕೆಗೆ ಕಳಿಸಿದೆ. ‘ತೀರಾ ಸ್ಥಳೀಯ, ಬಾಲಿವುಡ್ ಜೊತೆ ಹೋಲಿಸಿ’ ಅಂತ ವಾಪಸ್ ಬಂತು. ನೌಕರಿ ಖಾಯಂ ಆಗಬೇಕಿತ್ತು, ಬಾಲಿವುಡ್ ಬಗ್ಗೆಯೇ ಬರೆದೆ. ಆ ಅಧ್ಯಾಯ ಇವತ್ತಿಗೂ ಅಚ್ಚಾಗಿಲ್ಲ. ಕೂರಿಸಿಕೊಂಡು ಹಾಡಿ ತೋರಿಸಿದ್ದ ಹಿರಿಯರಲ್ಲಿ ಕೆಲವರು ಈಗಿಲ್ಲ. ಅದು ನೆನಪಾದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

2021ರ ನವೆಂಬರ್‌ನಲ್ಲಿ ಮಂಜಮ್ಮ ಜೋಗತಿ ಪದ್ಮಶ್ರೀ ತೆಗೆದುಕೊಳ್ಳಲು ಹೋದರು. ಆಗಿನ ರಾಷ್ಟ್ರಪತಿ ಕೋವಿಂದ್ ಅವರೆದುರು ನಿಂತು, ಸೆರಗು ಹಿಡಿದು ದೃಷ್ಟಿ ತೆಗೆದರು. ಆ ತುಣುಕನ್ನು ತರಗತಿಯಲ್ಲಿ ಹಾಕಿದೆ. ಒಬ್ಬರು ನೃತ್ಯ ಅಂದರು, ಇನ್ನೊಬ್ಬರು ಪ್ರತಿಭಟನೆ ಅಂದರು. ನೀವಾಗಿದ್ದರೆ ನೋಡಿದ ಕ್ಷಣ ಕಣ್ಣು ತುಂಬಿರುತ್ತಿತ್ತು. ಯಲ್ಲಮ್ಮನ ಮಕ್ಕಳಾದ ಜೋಗತಿಯರ ಆಶೀರ್ವಾದ ಬೇಕು ಅನ್ನುವ ಜನವೇ ಅವರಿಗೆ ಬಾಡಿಗೆಗೆ ಮನೆ ಕೊಡುವುದಿಲ್ಲ. ಈ ಎರಡೂ ಒಂದೇ ಓಣಿಯಲ್ಲಿ ಇರುವುದನ್ನು ನೀವು ನೋಡುತ್ತಲೇ ಬೆಳೆದಿದ್ದೀರಿ. ಪ್ರಬಂಧ ಅಲ್ಲಿಂದಲೇ ಶುರುವಾಗಲಿ. ಯಾರು ಏನೇ ಅಂದರೂ ಅದನ್ನು ಮಾತ್ರ ತೆಗೆಯಬೇಡಿ.

ಬರುವ ಮೊದಲು ಬೇಕಾದ ಸಂಚಿಕೆ, ಸುದ್ದಿ ತುಣುಕುಗಳನ್ನೆಲ್ಲ ಇಳಿಸಿಕೊಳ್ಳಿ, ವಾಹಿನಿಗಳು ಯಾವಾಗ ಅಳಿಸುತ್ತವೋ ಹೇಳಲಾಗದು. ಸಂಶೋಧನೆಗಾಗಿ ನಿಮ್ಮ ಜೊತೆ ಮಾತಾಡಿದವರ ಹೆಸರು, ಊರು ಬದಲಿಸಿ ಬರೆದಿಡಿ. ಬಂದ ಮೇಲೆ ಒಂದು ಫೋನ್ ಮಾಡಿ, ನಿಲ್ದಾಣಕ್ಕೆ ನಾನೇ ಬರುತ್ತೇನೆ.